ರೇಷ್ಮೆಯಂತೆ ತೊಳೆದ ಮುಖ

ಚಳ್ಳಕೆರೆಯ ಚರ್ಮದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಈ ಮುಖಕ್ಕೆ ಏನು ಹಚ್ಚಿದ್ದೀರಿ ಎಂದು. ಅದರ ಉತ್ತರ ಗೊತ್ತಿದ್ದವಳು ನಾನು. ನಾನು ಬಾಯಿ ಬಿಡಲಿಲ್ಲ.

ತಂಗಿ ಅವರ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಕೆನ್ನೆ, ಹಣೆ, ಗಲ್ಲ ಎಲ್ಲ ಕೆಂಪಾಗಿ ಅಲ್ಲಲ್ಲಿ ನೀರು ಒಸರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅವ್ವ, ಮೈಸೋಪು ಬಿಟ್ಟರೆ ಏನೂ ಹಚ್ಚಿಲ್ಲ ಎಂದಳು. ಡಾಕ್ಟರು ನಂಬದೆ ತಂಗಿಯನ್ನೇ ಮತ್ತೆ ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ಎಣ್ಣೆ ಗಿರಣಿಯ ಹೊಗೆ ನೋಡುತ್ತ ನಿಂತೆ. ಅವಳು ಸ್ವಲ್ಪ ಹೊತ್ತು ಕಾದು, "ಇಲ್ಲ ಸಾರ್" ಎಂದಳು. ಆ ಸ್ವಲ್ಪ ಹೊತ್ತು ಅವಳು ಕಾದಿದ್ದು ನನಗಾಗಿ ಎಂಬುದು ಅವತ್ತೇ ನನಗೆ ಗೊತ್ತಿತ್ತು.

ಆಗ ಹೇಳಿಬಿಟ್ಟಿದ್ದರೆ ಅವಳ ಮುಖದ ಮೇಲೆ ಇವತ್ತಿರುವ ಕಲೆಗಳು ಇಷ್ಟು ಉಳಿಯುತ್ತಿರಲಿಲ್ಲ. ಅವಳ ಓದೂ ನಿಲ್ಲುತ್ತಿರಲಿಲ್ಲವೇನೋ. ಹೇಳಲು ಆಮೇಲೆಯೂ ಅವಕಾಶ ಸಿಕ್ಕಿತು. ಅದನ್ನೂ ಬಿಟ್ಟೆ.

ನಮ್ಮದು ಮೊಳಕಾಲ್ಮೂರಿನ ನೇಯ್ಗೆಯ ಮನೆ. ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ಅಪ್ಪನಿಗೆ ಸಿಟ್ಟು ಬಂದರೆ ಮಾತ್ರ ಮಾತು ಪೂರ್ತಿ ತೆಲುಗಿಗೆ ತಿರುಗುತ್ತಿತ್ತು. ಪಡಸಾಲೆಯಲ್ಲಿ ಅಪ್ಪನ ಗುಣಿ ಮಗ್ಗ, ಹಿತ್ತಲಿನಲ್ಲಿ ರೇಷ್ಮೆ ಬೇಯಿಸುವ ಒಲೆ. ನಾನು ಆರನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟೆ. ಬಿಡಿಸಿದರು ಎಂದರೆ ಸುಳ್ಳಾಗುತ್ತದೆ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಮೇಷ್ಟ್ರ ಮುಂದೆ ನಿಲ್ಲುವುದಕ್ಕಿಂತ ಒಲೆಯ ಮುಂದೆ ಕೂರುವುದು ಹಾಯೆನಿಸುತ್ತಿತ್ತು.

ಹಸಿ ರೇಷ್ಮೆ ಕೈಗೆ ಒರಟು. ಹುಳ ಗೂಡು ಕಟ್ಟುವಾಗ ದಾರದ ಜೊತೆ ಒಂದು ಅಂಟನ್ನೂ ಬಿಟ್ಟಿರುತ್ತದೆ. ಆ ಅಂಟು ಇರುವವರೆಗೆ ಬಣ್ಣ ಹಿಡಿಯುವುದಿಲ್ಲ, ಹೊಳಪು ಬರುವುದಿಲ್ಲ. ಅದಕ್ಕೇ ಹಂಡೆಯಲ್ಲಿ ನೀರು ಕಾಯಿಸಿ, ಸೋಪು ಹೆರೆದು ಹಾಕಿ, ಬಟ್ಟೆ ಸೋಡ ಬೆರೆಸಿ, ಬಿದಿರು ಕೋಲಿಗೆ ನೇತುಹಾಕಿದ ನೂಲಿನ ಲಡಿಗಳನ್ನು ಅದರಲ್ಲಿ ತಿರುವುತ್ತ ಇರಬೇಕು. ಸೋಡ ಕಡಿಮೆಯಾದರೆ ಅಂಟು ಉಳಿಯುತ್ತದೆ. ಹೆಚ್ಚಾದರೆ ದಾರವೇ ಸಾಯುತ್ತದೆ. ಯಾವಾಗ ಸಾಕು ಎನ್ನುವುದನ್ನು ಬೆರಳೇ ಹೇಳಬೇಕು. ನನ್ನ ಬೆರಳು ಹೇಳುತ್ತಿತ್ತು. ಓಣಿಯ ಬೇರೆ ಮನೆಗಳವರೂ ತಮ್ಮ ಲಡಿ ತಂದು ನನ್ನ ಕೈಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ಹದಿನೆಂಟು ತುಂಬುವ ಹೊತ್ತಿಗೆ ಆ ಹಂಡೆ ನನ್ನದೇ ಆಗಿತ್ತು. ಅಪ್ಪ ಕೂಡ ನನ್ನನ್ನು ಕೇಳದೆ ಅದನ್ನು ಮುಟ್ಟುತ್ತಿರಲಿಲ್ಲ. ಶಾಲೆಯಲ್ಲಿ ಏನೂ ಆಗದವಳಿಗೆ ಮನೆಯಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು, ಹತ್ತನೇ ಕ್ಲಾಸಿನಲ್ಲಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಪರೀಕ್ಷೆ ಮುಗಿಸಿ ಟೀಚರ್ ಟ್ರೈನಿಂಗಿಗೆ ಸೇರಬೇಕೆಂಬುದು ಅವಳ ಆಸೆ. ಅಪ್ಪನೂ ಒಪ್ಪಿದ್ದ. ದೊಡ್ಡವಳಾಗಿ ಒಂದೆರಡು ವರ್ಷಕ್ಕೆ ಅವಳ ಮುಖ ಜಿಡ್ಡಾಗತೊಡಗಿತು. ಬೆಳಿಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಹಣೆ ಹೊಳೆಯುತ್ತಿತ್ತು. ಮೂಗಿನ ಪಕ್ಕ ಕಪ್ಪು ಚುಕ್ಕೆಗಳು, ಗಲ್ಲದಲ್ಲಿ ಕೀವು ತುಂಬಿದ ಮೊಡವೆಗಳು. ನನಗೆ ಆ ವಯಸ್ಸಿನಲ್ಲಿ ಒಂದೆರಡು ಎದ್ದು ಹೋಗಿದ್ದವು, ಅಷ್ಟೆ. ಶಾಲೆಯ ಹುಡುಗಿಯರು ಅವಳನ್ನು ಬೋಂಡಾ ಎನ್ನುತ್ತಿದ್ದರು. ಪಕ್ಕದ ಮನೆಯಲ್ಲೇ ಇದ್ದ ನಮ್ಮ ಸೋದರತ್ತೆಗೆ ಅದೊಂದು ಆಟ. ಒಗ್ಗರಣೆ ಹಾಕುತ್ತ ಕೂಗಿ ಕರೆಯುತ್ತಿದ್ದಳು.

"ಬಾರಮ್ಮಿ ಇಲ್ಲಿ. ಎಣ್ಣೆ ಮುಗ್ದೈತೆ. ನಿನ್ನ ಹಣೆ ಒರೆಸಿದ್ರೆ ಇವತ್ತಿನ ಸಾರಿಗೆ ಆಗ್ತೈತೆ."

ತಂಗಿ ನಗುತ್ತಿದ್ದಳು. ಒಳಗೆ ಬಂದು ದಾವಣಿಯ ಸೆರಗಿನಿಂದಲೋ ಗೋಡೆಗೆ ನೇತುಹಾಕಿದ ಅಪ್ಪನ ಟವೆಲಿನಿಂದಲೋ ಚರ್ಮ ಕಿತ್ತುಬರುವ ಹಾಗೆ ಮುಖ ಉಜ್ಜಿಕೊಳ್ಳುತ್ತಿದ್ದಳು.

ಇಷ್ಟೇ ಆಗಿದ್ದರೆ ಕಾಲ ಕಳೆದ ಹಾಗೆ ಹೋಗುತ್ತಿತ್ತು. ಆದರೆ ಆ ಚಳಿಗಾಲ ಅಪ್ಪ ಹಾಲುಬಣ್ಣದ ಸೀರೆಯೊಂದನ್ನು ಮಗ್ಗಕ್ಕೆ ಹಾಕಿದ. ಹಾಲುಬಣ್ಣ ಬಹಳ ಪೀಡೆ. ಬೆವರು ತಾಗಬಾರದು, ದೀಪದ ಮಸಿ ತಾಗಬಾರದು. ಶಾಲೆ ಬಿಟ್ಟು ಬಂದ ಮೇಲೆ ತುಂಡಾದ ಎಳೆಗಳನ್ನು ಗಂಟು ಹಾಕುವುದು ತಂಗಿಯ ಕೆಲಸ. ಒಂದು ಸಂಜೆ ನೋಡಿದರೆ ನೇಯ್ದ ಭಾಗದಲ್ಲಿ ಹೆಬ್ಬೆರಳಿನಗಲದ ಜಿಡ್ಡಿನ ಗುರುತು. ಅಪ್ಪ ಮಗ್ಗದ ಗುಣಿಯಿಂದ ಎದ್ದು ಬಂದು ಅವಳ ಕೈ ಹಿಡಿದು ತಿರುಗಿಸಿ ನೋಡಿದ. ತೆಲುಗಿನಲ್ಲಿ ಬೈದ. ಇನ್ನು ಮೇಲೆ ಮಗ್ಗದ ಹತ್ತಿರ ಸುಳಿಯಬೇಡ ಎಂದ. ನಾನು ನನ್ನ ಎರಡೂ ಅಂಗೈ ಅಪ್ಪನ ಮುಂದೆ ಚಾಚಿ, ನನ್ನ ಕೈಯಿಂದ ಯಾವತ್ತಾದರೂ ರೇಷ್ಮೆಗೆ ಜಿಡ್ಡು ಹತ್ತಿದೆಯಾ, ಅವಳ ಕೈಯಲ್ಲೇ ಎಣ್ಣೆ ಬರುತ್ತೆ ಎಂದೆ. ಅವಳ ಪರವಾಗಿ ಹೇಳುತ್ತಿದ್ದೇನೆ, ಇದು ಅವಳ ತಪ್ಪಲ್ಲ ಎನ್ನುತ್ತಿದ್ದೇನೆ ಎಂದುಕೊಂಡಿದ್ದೆ. ಮಾತಿನಲ್ಲಿ ಜಂಬವೇ ಹೆಚ್ಚಾಗಿತ್ತು.

ಮಾರನೆಯ ದಿನ ಹಿತ್ತಲಿನಲ್ಲಿ ಅವಳು ಅಳುತ್ತ ಕೂತಿದ್ದಳು. ನಾನು ಅವಳ ಗಲ್ಲ ಎತ್ತಿ ಹಿಡಿದು ಬೆರಳಿನಿಂದ ಹಣೆ ಮುಟ್ಟಿ ನೋಡಿದೆ. ಹಸಿ ಲಡಿ ಮುಟ್ಟಿ ನೋಡುವ ಹಾಗೆಯೇ ನೋಡಿದೆ. ಇದೇನು ಮಹಾ, ರೇಷ್ಮೆಯ ಅಂಟನ್ನೇ ತೆಗೆಯುತ್ತೇನೆ, ನಿನ್ನ ಮುಖದ ಜಿಡ್ಡು ತೆಗೆಯಲಾರೆನಾ ಎಂದೆ. ಅವಳು ನಂಬಿದಳು. ಆ ಓಣಿಯಲ್ಲಿ ಯಾರಿದ್ದರೂ ನಂಬುತ್ತಿದ್ದರು.

ಲಡಿ ಬೇಯಿಸಿ ತೆಗೆದ ಮೇಲೆ ಹಂಡೆಯಲ್ಲಿ ಉಳಿಯುವ ನೀರು ಮೋಡದ ಬಣ್ಣಕ್ಕೆ ತಿರುಗಿ ಲೋಳೆಯಾಗಿರುತ್ತದೆ. ಅದರಲ್ಲಿ ಒಂದು ಚೊಂಬು ತೆಗೆದು, ತಣ್ಣೀರು ಬೆರೆಸಿ, ಬಟ್ಟೆ ಅದ್ದಿ ಅವಳ ಮುಖ ಉಜ್ಜಿದೆ. ತೊಳೆದ ಮೇಲೆ ಮುಖ ನಿಜವಾಗಿಯೂ ಬೇರೆಯಾಗಿತ್ತು. ಹೊಳಪು ಹೋಗಿ ಸುಣ್ಣದ ಗೋಡೆಯ ಹಾಗೆ ಒಣಗಿತ್ತು. ಅವಳು ಕೆನ್ನೆಯ ಮೇಲೆ ಬೆರಳು ಎಳೆದು, ಕಿರ್ ಅನ್ನುತ್ತೆ ಅಕ್ಕ ಎಂದು ನಕ್ಕಳು. ಆ ನಗುವೇ ನನ್ನನ್ನು ಮುಂದಕ್ಕೆ ತಳ್ಳಿತು.

ಆದರೆ ರೇಷ್ಮೆಯ ಹಾಗೆ ಅದು ಒಮ್ಮೆ ಹೋದರೆ ಹೋಯಿತು ಎನ್ನುವಂತೆ ಇರಲಿಲ್ಲ. ಮಾರನೆಯ ಮಧ್ಯಾಹ್ನಕ್ಕೆ ಹಣೆ ಮತ್ತೆ ಹೊಳೆಯಿತು. ನಾನು ಮತ್ತೆ ತೊಳೆದೆ. ಮತ್ತೆ ಬಂತು. ದಿನವೂ ತೊಳೆಯತೊಡಗಿದೆ. ಚರ್ಮ ಬಿಗಿದುಕೊಂಡು ನಕ್ಕರೆ ತುಟಿಯ ಪಕ್ಕ ಬಿರಿಯುತ್ತಿತ್ತು, ಆದರೂ ಮೊಡವೆಗಳು ಹೋಗಲಿಲ್ಲ. ಉರಿಯುತ್ತೆ ಎಂದು ಅವಳು ಹೇಳಿದಳು. ಸ್ವಲ್ಪ ಉರಿದರೇ ಒಳಗಿನದು ಬರುವುದು ಎಂದೆ. ಹಟಮಾರಿ ಅಂಟಿಗೆ ನಾವು ಒಂದು ಚಿಟಿಕೆ ಸೋಡ ಜಾಸ್ತಿ ಹಾಕುತ್ತೇವೆ. ಕೆಲವು ಸಲ ಎರಡು ಚಿಟಿಕೆ. ಒಂದು ಭಾನುವಾರ ನಾನು ಉಳಿಕೆ ನೀರು ಬಿಟ್ಟು, ಡಬ್ಬದಿಂದ ಹೊಸ ಸೋಡ ತೆಗೆದು ಬಿಸಿನೀರಿನಲ್ಲಿ ಗಟ್ಟಿಯಾಗಿ ಕದಡಿದೆ. ಅವಳ ಮುಖಕ್ಕೆ ಹಚ್ಚಿ, ಲಡಿ ನೆನೆಸಿದ ಹಾಗೆ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಅವಳು ಸಾಕು ಎಂದಳು. ಇನ್ನೊಂದು ಸ್ವಲ್ಪ ಎಂದೆ. ಆಮೇಲೆ ಅವಳು ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ತೊಳೆದಾಗ ಬಟ್ಟೆಗೆ ಚರ್ಮದ ಸಿಪ್ಪೆ ಬಂತು. ಕೆನ್ನೆ ಸುಟ್ಟ ಹಾಗೆ ಕೆಂಪಾಗಿತ್ತು.

ನನ್ನ ಬಾಯಿಗೆ ಮೊದಲು ಬಂದ ಮಾತು ಅವಳ ಬಗ್ಗೆ ಆಗಿರಲಿಲ್ಲ.

"ಯಾರ್ಗೂ ಹೇಳ್ಬ್ಯಾಡ ಕಣೆ. ಅಪ್ಪಂಗೆ ಗೊತ್ತಾದ್ರೆ ನನ್ನ ಇನ್ಮೇಲೆ ಹಂಡೆ ಮುಟ್ಟಾಕೆ ಬಿಡಲ್ಲ."

ಅವಳು ತಲೆಯಾಡಿಸಿದಳು.

ಬೆಳಿಗ್ಗೆ ಅವ್ವ ನೋಡಿ ಗಾಬರಿಯಾದಳು. ಮೊಡವೆ ಕೀವಾಗಿ ಒಡೆದಿದೆ ಎಂದು ತಂಗಿ ಹೇಳಿದಳು. ಅವ್ವ ಅರಿಶಿನ ಹಚ್ಚಿದಳು, ಇನ್ನೂ ಉರಿಯಿತು. ವಾರಕ್ಕೊಮ್ಮೆ ಚಳ್ಳಕೆರೆಗೆ ಚರ್ಮದ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದ್ದರಿಂದ ಮೂವರೂ ಬಸ್ಸು ಹತ್ತಿದೆವು. ಬಸ್ಸು ತಳುಕು ಊರು ದಾಟುವವರೆಗೆ ಅವಳು ದಾವಣಿಯ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಬಿಸಿಲು, ಗಾಳಿ, ಬಟ್ಟೆ, ಏನು ತಾಗಿದರೂ ನೋವು. ಚಳ್ಳಕೆರೆಯಲ್ಲಿ ಇಳಿದಾಗ ಊರೆಲ್ಲ ಕಡಲೆಕಾಯಿ ಎಣ್ಣೆಯ ವಾಸನೆ. ಅವಳಿಗೆ ಓಕರಿಕೆ ಬಂತು. ಡಾಕ್ಟರ ಮುಂದೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡಿದ್ದೆ. ಒಳಗೆ ಹೋದ ಮೇಲೆ ಆದದ್ದನ್ನು ಮೊದಲೇ ಬರೆದಿದ್ದೇನೆ.

ಏನೂ ಹಚ್ಚಿಲ್ಲ ಎನ್ನುವುದಾದರೆ ಇದು ಮೊಡವೆ ಕೆರೆದು ನಂಜಾಗಿರಬೇಕು ಎಂದು ಡಾಕ್ಟರು ತೀರ್ಮಾನಿಸಿದರು. ಕೀವಿಗೆ ಮಾತ್ರೆ ಕೊಟ್ಟರು, ಮೊಡವೆ ಒಣಗಿಸುವ ಮುಲಾಮು ಬರೆದುಕೊಟ್ಟರು. ಆ ಮುಲಾಮನ್ನು ಅವಳ ಮುಖಕ್ಕೆ ಹಚ್ಚುವ ಕೆಲಸ ನನಗೇ ಬಂತು. ನನ್ನ ಕೈ ಒರಟು, ನಿನ್ನ ಕೈ ಮೆತ್ತಗಿದೆ, ನೀನೇ ಹಚ್ಚು ಎಂದಳು ಅವ್ವ. ಹಸಿಯಾದ ಚರ್ಮದ ಮೇಲೆ ಒಣಗಿಸುವ ಔಷಧಿ. ಹಚ್ಚುವಾಗ ಅವಳ ಕಾಲ್ಬೆರಳುಗಳು ಮುದುಡಿಕೊಳ್ಳುವುದನ್ನು ನಾನು ನೋಡುತ್ತಿದ್ದೆ. ನಾಲ್ಕೈದು ದಿನದಲ್ಲಿ ಪದರ ಪದರವಾಗಿ ಕಿತ್ತು ಬಂತು. ಎಡಗೆನ್ನೆಯಲ್ಲಿ ಆಳವಾಗಿ ಹುಣ್ಣಾಯಿತು. ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು.

ಎರಡನೆಯ ಸಲ ಹೋದಾಗ ಡಾಕ್ಟರಿಗೆ ಸಿಟ್ಟು ಬಂತು. ಮುಲಾಮಿಗೆ ಇಷ್ಟಾಗುವುದಿಲ್ಲ, ಅದಕ್ಕೆ ಮುಂಚೆಯೇ ಚರ್ಮವನ್ನು ಏನೋ ತಿಂದಿದೆ ಎಂದರು. ಆಮೇಲೆ, ನಾವು ಹೆದರಿದ್ದು ನೋಡಿಯೋ ಏನೋ, ದನಿ ತಗ್ಗಿಸಿ, ಔಷಧಿ ಚೀಟಿಯ ಹಿಂಭಾಗದಲ್ಲಿ ಪೆನ್ನಿನಿಂದ ಒಂದು ಚಿತ್ರ ಬರೆದು ತೋರಿಸಿದರು. ಚರ್ಮದೊಳಗೆ ಓರೆಯಾಗಿ ನೆಟ್ಟ ಒಂದು ಕೂದಲು. ಅದರ ಬೇರಿನ ಪಕ್ಕಕ್ಕೆ ಅಂಟಿಕೊಂಡ ಸಣ್ಣ ಚೀಲ, ದ್ರಾಕ್ಷಿ ಗೊಂಚಲಿನ ಹಾಗೆ. ಇದು ಎಣ್ಣೆಯ ಗ್ರಂಥಿ ಎಂದರು. ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ, ಕೂದಲಿನ ಬೇರು ಮೂಡಿದ ಮೇಲೆ ಅದರ ಪಕ್ಕದಿಂದ ಮೊಗ್ಗಿನ ಹಾಗೆ ಹೊರಟು ಇದಾಗುತ್ತದೆ. ಒಳಗಿನ ಒಂದೊಂದು ಕಣವೂ ಕೊಬ್ಬು ತುಂಬಿಕೊಂಡು ಉಬ್ಬಿ, ಕೊನೆಗೆ ಒಡೆದು ತಾನೇ ಎಣ್ಣೆಯಾಗಿ ಕೂದಲಿನ ದಾರಿಯಲ್ಲಿ ಮೇಲೆ ಬರುತ್ತದೆ. ಸತ್ತ ಕಣದ ಜಾಗಕ್ಕೆ ಕೆಳಗಿನಿಂದ ಹೊಸದು ಬರುತ್ತದೆ. ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆಯ ಹಾಗೆ ಬಿಳಿ ಲೇಪ ಇರುತ್ತದಲ್ಲ, ಅದರಲ್ಲಿ ಬಹಳಷ್ಟು ಇದೇ ಎಣ್ಣೆ ಎಂದರು. ಅದಾದ ಮೇಲೆ ಈ ಚೀಲಗಳು ಸಣ್ಣದಾಗಿ ಬಾಲ್ಯವೆಲ್ಲ ಸುಮ್ಮನಿರುತ್ತವೆ. ದೊಡ್ಡವರಾಗುವ ವಯಸ್ಸಿಗೆ ರಕ್ತದಲ್ಲಿ ಬರುವ ರಸಗಳು ಇವನ್ನು ಎಬ್ಬಿಸುತ್ತವೆ. ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ. ಬಾಯಿ ಕಟ್ಟಿಕೊಂಡ ಕಡೆ ಎಣ್ಣೆ ನಿಂತು ಮೊಡವೆಯಾಗುತ್ತದೆ.

ಮೇಲೆ ತೊಳೆದರೆ ಕೆಳಗಿನ ಚೀಲ ನಿಲ್ಲುವುದಿಲ್ಲ, ಚರ್ಮ ಹಾಳಾಗುತ್ತದೆ ಅಷ್ಟೆ ಎಂದು ಅವರು ಹೇಳಿದಾಗ ನನ್ನ ಕಿವಿಯಲ್ಲಿ ಹಂಡೆ ಕುದಿಯುವ ಸದ್ದು ಕೇಳಿಸಿತು. ರೇಷ್ಮೆಯ ಅಂಟು ಸತ್ತ ಹುಳ ಬಿಟ್ಟುಹೋದದ್ದು. ಒಮ್ಮೆ ತೆಗೆದರೆ ಮತ್ತೆ ಹಾಕುವವರಿಲ್ಲ. ನಾನು ಉಜ್ಜುತ್ತಿದ್ದುದು ಜೀವ ಇದ್ದ ಚರ್ಮವನ್ನು. ಈ ಚೀಲಗಳು ಎಲ್ಲೆಲ್ಲಿ ಇರುತ್ತವೆ ಎಂದು ಅವ್ವ ಕೇಳಿದಳು. ಅಂಗೈ ಅಂಗಾಲು ಬಿಟ್ಟು ಹೆಚ್ಚುಕಡಿಮೆ ಮೈಯೆಲ್ಲ, ಮುಖದಲ್ಲಿ ಹೆಚ್ಚು ಎಂದರು ಡಾಕ್ಟರು. ಅಂಗೈಯಲ್ಲಿ ಯಾರಿಗೂ ಇರುವುದಿಲ್ಲ. ಹಾಗಾದರೆ ನಾನು ಅಪ್ಪನ ಮುಂದೆ ಚಾಚಿ ತೋರಿಸಿದ ಕೈಯಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇರಲಿಲ್ಲ. ಅವಳ ಕೈಯಲ್ಲೂ ಕೊರತೆ ಇರಲಿಲ್ಲ. ಹಣೆ ಒರೆಸಿಕೊಂಡ ಬೆರಳಿನಲ್ಲೇ ಅವಳು ಎಳೆ ಕಟ್ಟಿದ್ದಳು, ಅಷ್ಟೆ.

ಡಾಕ್ಟರು ಚೀಟಿ ಪಕ್ಕಕ್ಕಿಟ್ಟು ತಂಗಿಯನ್ನು ನೇರವಾಗಿ ನೋಡಿದರು.

"ಮೊದಲ ದಿನ ನಿಜ ಹೇಳಿದ್ದರೆ ನಾನು ಈ ಮುಲಾಮು ಕೊಡ್ತಾನೇ ಇರಲಿಲ್ಲ. ಈಗಲಾದ್ರೂ ಹೇಳಮ್ಮ. ಏನು ಹಚ್ಚಿದೆ?"

ತಂಗಿ ಈ ಸಲ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದಳು. ನಾನು ಮಾತಾಡಲು ಅದಕ್ಕಿಂತ ಸುಲಭದ ಗಳಿಗೆ ಇರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟೆ ಎಂದೇ ನನ್ನ ನೆನಪು. ಅಷ್ಟರಲ್ಲಿ ಅವ್ವ, ಶಾಲೆಯ ಹತ್ತಿರ ಫ್ಯಾನ್ಸಿ ಸ್ಟೋರ್ ಇದೆಯಲ್ಲ, ಬೆಳ್ಳಗಾಗೋ ಕ್ರೀಮು ತಂದು ಕದ್ದು ಹಚ್ಚಿಕೊಂಡಿದ್ದಾಳೆ, ಇವಳ ವಯಸ್ಸಿನ ಹುಡುಗಿಯರೆಲ್ಲ ಹಾಗೇ ಮಾಡುವುದು ಎಂದಳು. ಡಾಕ್ಟರು ತಲೆಯಾಡಿಸಿದರು. ಅವರಿಗೂ ಅದು ಸರಿ ಎನಿಸಿತು. ಅವ್ವನಿಗೆ ಉತ್ತರ ಸಿಕ್ಕಿತು, ಡಾಕ್ಟರಿಗೆ ಉತ್ತರ ಸಿಕ್ಕಿತು. ನಾನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೊರಗೆ ಮೆಟ್ಟಿಲಿನ ಮೇಲೆ, ಸರದಿಗೆ ಕಾಯುತ್ತಿದ್ದವರ ಮುಂದೆಯೇ ಅವ್ವ ಅವಳ ಬೆನ್ನಿಗೆ ಹೊಡೆದಳು. ಮುಖಕ್ಕೆ ಹೊಡೆಯಲು ಜಾಗವಿರಲಿಲ್ಲ.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಪರೀಕ್ಷೆ ಬಂದು ಹೋಯಿತು. ಮುಂದಿನ ವರ್ಷ ಕಟ್ಟು ಎಂದು ಮೇಷ್ಟ್ರೊಬ್ಬರು ಮನೆಗೆ ಬಂದು ಹೇಳಿದರು. ಕೆನ್ನೆಯ ಕಪ್ಪು ಕಲೆಗಳನ್ನು ಹೊತ್ತು ಆ ಹುಡುಗಿಯರ ಮುಂದೆ ಅವಳು ಹೋಗಲಿಲ್ಲ. ಕ್ರೀಮು ಹಚ್ಚಿಕೊಂಡು ಮುಖ ಸುಟ್ಟುಕೊಂಡವಳು ಎಂದು ಓಣಿಯಲ್ಲೆಲ್ಲ ಹೆಸರಾಯಿತು. ಅಷ್ಟು ದಿನ ಜಿಡ್ಡಿಗೆ ನಗುತ್ತಿದ್ದ ಸೋದರತ್ತೆ ಈಗ ಹೆಣ್ಣುಮಕ್ಕಳ ಶೋಕಿಯ ಬಗ್ಗೆ ಬುದ್ಧಿಮಾತು ಹೇಳತೊಡಗಿದಳು. ತಂಗಿ ಹೊಲಿಗೆ ಕಲಿತಳು. ನಾನು ಹಂಡೆಯ ಮುಂದೆ ಕೂತೇ ಇದ್ದೆ, ನನ್ನ ಕೈ ಹೊಗಳುವವರು ಹೊಗಳುತ್ತಲೇ ಇದ್ದರು. ನಾವಿಬ್ಬರೇ ಇದ್ದಾಗ ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆ. ಎತ್ತದಿದ್ದುದರಿಂದ ದಿನಗಳು ಹೋದವು.

ಮದುವೆಯಾಗಿ ನಾನು ಚಳ್ಳಕೆರೆಗೆ ಬಂದೆ. ಗಂಡನಿಗೆ ಎಣ್ಣೆ ಗಿರಣಿಯಲ್ಲಿ ಕೆಲಸ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಕಂಬಳಿ ನೇಯುವವರಿದ್ದರು. ಅಲ್ಲೊಬ್ಬ ಅಜ್ಜಿ ಉಣ್ಣೆ ನೂಲುವಾಗ ನಾನು ಹೋಗಿ ಕೂರುತ್ತಿದ್ದೆ. ಉಣ್ಣೆ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತಿತ್ತು, ಕುರಿಯ ವಾಸನೆ ಬರುತ್ತಿತ್ತು. ಇದನ್ನು ಸೋಡ ಹಾಕಿ ಬೇಯಿಸುವುದಿಲ್ಲವಾ ಎಂದು ಒಮ್ಮೆ ಕೇಳಿದೆ. ಅಜ್ಜಿ ಕದಿರು ನಿಲ್ಲಿಸಿ, ನಾನು ತಮಾಷೆ ಮಾಡುತ್ತಿದ್ದೇನಾ ಎಂದು ನೋಡಿದಳು.

"ನಿಮ್ ರೇಷ್ಮಿ ಬುದ್ಧಿ ಇಲ್ಲಿಗ್ ತರ್ಬ್ಯಾಡವ್ವ. ಕತ್ತರಿಸಾಕ್ ಮುಂಚೆ ಕುರೀನ ಕೆರ್ಯಾಗೆ ಮೀಸ್ತೀವಿ, ಅಷ್ಟೇಯ. ಮೈ ಜಿಡ್ಡು ಪೂರ್ತಿ ತೆಗೆದ್ರೆ ಕಂಬ್ಳಿ ಮಳೆನೀರ್ ಕುಡಿಯಾಕ್ ಹತ್ತೈತೆ."

ಕುರಿಯ ಚರ್ಮದಲ್ಲೂ ಕೂದಲಿನ ಪಕ್ಕ ಅದೇ ಚೀಲ ಇರಬೇಕು. ನಾಯಿ, ಎಮ್ಮೆ, ಬೆಕ್ಕು, ಮೈಮೇಲೆ ಕೂದಲಿರುವ ಎಲ್ಲದಕ್ಕೂ ಇರಬೇಕು. ಮಳೆಯಲ್ಲಿ ನೆನೆದ ಕುರಿ ಮೈ ಕೊಡವಿ ನಿಲ್ಲುವುದನ್ನು ಕಂಡರೆ ನನಗೆ ಡಾಕ್ಟರು ಬರೆದ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಬೇರೆಯವರಿಗೆ ಅದು ಕುರಿ ಮಾತ್ರ.

ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ನರ್ಸಮ್ಮ ತಂದು ತೋರಿಸಿದಾಗ ಮಗುವಿನ ಕಂಕುಳು, ಬೆನ್ನು, ತೊಡೆಯ ಸಂದಿಯಲ್ಲೆಲ್ಲ ಬಿಳಿಯ ಲೇಪ. ಗರ್ಭದ ನೀರಿನಲ್ಲಿ ಮುಳುಗಿದ್ದ ಚರ್ಮವನ್ನು ಅಷ್ಟು ತಿಂಗಳು ಅದೇ ಕಾಪಾಡಿತ್ತು. ನನ್ನ ಅತ್ತೆ ಬಿಸಿನೀರು ಸೋಪು ತಂದು ಉಜ್ಜಿ ತೆಗೆಯಬೇಕು ಎಂದಳು. ಬೇಡ, ಮುಟ್ಟಬೇಡಿ ಎಂದು ನಾನು ಮಗುವನ್ನು ಎದೆಗೆ ಒತ್ತಿಕೊಂಡು ಅಳತೊಡಗಿದೆ. ಹೆಣ್ಣಾಯಿತೆಂದು ಅಳುತ್ತಿದ್ದಾಳೆ ಎಂದು ಅತ್ತೆ ಪಕ್ಕದ ಮಂಚದವರಿಗೆ ಹೇಳಿದಳು. ಬಾಣಂತನಕ್ಕೆ ಕರೆದುಕೊಂಡು ಹೋಗಲು ತಂಗಿಯೂ ಬಂದಿದ್ದಳು. ಅವಳು ಮಗುವಿನ ಕೆನ್ನೆಗೆ ಬೆರಳ ತುದಿ ತಾಗಿಸಿ, ಎಷ್ಟು ಮೆತ್ತಗೈತೆ ಅಕ್ಕ ಎಂದಳು. ಅವತ್ತೂ ನಾನು ಹೇಳಲಿಲ್ಲ.

ಅವಳಿಗೆ ರಾಂಪುರದಲ್ಲಿ ಮದುವೆಯಾಯಿತು. ಅಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅಳತೆ ಕೊಡಲು ಬಂದವರಿಗೆ ಎಡಗೆನ್ನೆ ಕಾಣದ ಹಾಗೆ ಯಂತ್ರವನ್ನು ಗೋಡೆಯ ಪಕ್ಕಕ್ಕೆ ತಿರುಗಿಸಿ ಇಟ್ಟುಕೊಂಡಿದ್ದಾಳೆ. ಚಳಿಗಾಲದ ಗಾಳಿ ಬೀಸಿದರೆ ಆ ಜಾಗ ಈಗಲೂ ಬಿರಿಯುತ್ತದೆ.

ನನ್ನ ಮಗಳಿಗೆ ಹದಿಮೂರಾಯಿತು. ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅಕ್ಕತಂಗಿ ಮೊಳಕಾಲ್ಮೂರಿಗೆ ಬಂದಿದ್ದೆವು. ಮಗಳ ಹಣೆಯ ಮೇಲೆ ಆಗಲೇ ಮೊಡವೆ ಎದ್ದಿದ್ದವು. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದ. ತಂಗಿ ಅವ್ವನ ಹಳೆಯ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ನಾನು ಮುಖ ತೊಳೆಯಲು ಹಿತ್ತಲಿಗೆ ಹೋದರೆ ಮಗಳು ತೊಟ್ಟಿಯ ಹತ್ತಿರ ನಿಂತು ಬಟ್ಟೆ ಸೋಪಿನಿಂದ ಹಣೆ ಉಜ್ಜಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು. ನಾನು ಅವಳ ಕೈ ಹಿಡಿದು ಜೋರಾಗಿ ಎಳೆದೆ. ಸೋಪು ಕಲ್ಲಿನ ಮೇಲೆ ಬಿತ್ತು. ಅವಳು ಹೆದರಿ ಅಳುತ್ತ ಒಳಗೆ ಓಡಿದಳು.

ಒಳಗೆ ಅವ್ವ ಅವಳನ್ನು ಹತ್ತಿರ ಕೂರಿಸಿಕೊಂಡು ತಲೆ ನೇವರಿಸುತ್ತಿದ್ದಳು. ನಿಮ್ಮಮ್ಮ ಒಳ್ಳೆಯದಕ್ಕೇ ಹಾಗೆ ಮಾಡಿದ್ದು ಎಂದು ಸಮಾಧಾನ ಮಾಡುತ್ತಿದ್ದಳು. ಆಮೇಲೆ ಗಲ್ಲ ಹಿಡಿದು ತಂಗಿಯ ಕಡೆ ತಿರುಗಿಸಿದಳು.

"ನಿನ್ ಚಿಕ್ಕಮ್ಮನ ಮಕ ನೋಡು. ನಿನ್ನಷ್ಟೇ ಇದ್ದಾಗ ಅಂಗಡಿ ಕ್ರೀಮು ಕದ್ದು ಹಚ್ಕಂಡು ಸುಟ್ಕಂಡ್ಳು. ಓದೂ ಹೋತು, ಮಕಾನೂ ಹೋತು."

ಅವ್ವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಮೊಮ್ಮಗಳಿಗೆ ಬುದ್ಧಿ ಹೇಳುತ್ತಿದ್ದಳು. ತಂಗಿ ತಲೆ ಎತ್ತಲಿಲ್ಲ, ಸೂಜಿ ಒಳಗೆ ಹೋಗಿ ಹೊರಗೆ ಬರುತ್ತಲೇ ಇತ್ತು. ಮಗಳು ಅವಳ ಕೆನ್ನೆಯನ್ನೇ ನೋಡಿದಳು. ಮಕ್ಕಳು ನೋಡುವ ಹಾಗೆ, ಕಣ್ಣು ಮಿಟುಕಿಸದೆ.

"ಹೌದಾ ಚಿಕ್ಕಮ್ಮ? ಯಾವ ಕ್ರೀಮು?"

ಸೂಜಿ ನಿಂತಿತು. ತಂಗಿ ನನ್ನ ಕಡೆ ನೋಡಿದಳು. ದೂರಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ದೂರಲ್ಲ. ಏನು ಹೇಳಲಿ ಎಂದು ನನ್ನನ್ನು ಕೇಳುತ್ತಿದ್ದಳು. ಇಷ್ಟು ವರ್ಷವಾದ ಮೇಲೂ ನನ್ನ ಒಪ್ಪಿಗೆ ಇಲ್ಲದೆ ಅವಳು ಬಾಯಿ ಬಿಡಲು ಸಿದ್ಧಳಿರಲಿಲ್ಲ. ನಾನು ಸುಮ್ಮನಿದ್ದುದು ಕಂಡು ಮಗಳ ಕಡೆ ತಿರುಗಿ, ಹೆಸರು ಮರೆತುಹೋಗಿದೆ ಪುಟ್ಟಿ ಎನ್ನಲು ಹೊರಟಳು. ಮಾತು ಅರ್ಧ ಬಂದಿತ್ತು.

ಕ್ರೀಮಲ್ಲ ಎಂದೆ.

ಎಲ್ಲರೂ ತಿರುಗಿದರು. ಸೋಡ ಎಂದೆ. ಹಂಡೆಯ ಸೋಡ. ಹಚ್ಚಿದವಳು ನಾನು. ಅವಳು ಸಾಕು ಎಂದಾಗಲೂ ತೊಳೆಯಲಿಲ್ಲ. ಡಾಕ್ಟರ ಹತ್ತಿರ ಎರಡು ಸಲವೂ ನಾನು ಪಕ್ಕದಲ್ಲೇ ಇದ್ದೆ. ಅವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇದೇನು ಈಗ ತಂಗಿಯ ತಪ್ಪು ಮುಚ್ಚಲು ನೋಡುತ್ತೀಯಾ ಎಂದಳು. ಅಪ್ಪ ಮಾತ್ರ ಗೋಡೆ ಬಿಟ್ಟು ನೇರ ಕೂತ. ಸೋಡ ಚರ್ಮಕ್ಕೆ ಏನು ಮಾಡುತ್ತದೆಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ತೆಲುಗಿನಲ್ಲಿ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಅವ್ವ ಮೆಲ್ಲಗೆ ತಂಗಿಯ ಕಡೆ ತಿರುಗಿ, ನಾನು ನಿನ್ನನ್ನು ಮೆಟ್ಟಿಲ ಮೇಲೆ ಹೊಡೆದೆನಲ್ಲೇ ಎಂದಳು. ತಂಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನೇ ನೋಡಿದಳು.

"ಈಗ್ಯಾಕ್ ಹೇಳ್ತೀಯ ಅಕ್ಕ. ಆವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

ನಾನು ಅವಳ ಎದುರು ಹೋಗಿ ಕೂತೆ. ಮಗಳು ನೋಡುತ್ತಿದ್ದಳು, ಅಪ್ಪ ಅವ್ವ ನೋಡುತ್ತಿದ್ದರು. ಅವಳ ಎಡಗೆನ್ನೆಯನ್ನು ಮುಟ್ಟಲು ಕೈ ಎತ್ತಿ, ಮುಟ್ಟುವ ಅಧಿಕಾರ ನನಗಿಲ್ಲ ಎನಿಸಿ ಇಳಿಸಿದೆ.

"ನಿನ್ ಮಕ ಸುಟ್ಟಿದ್ದು ನಾನು. ಗೊತ್ತಿಲ್ದೆ ಸುಟ್ಟೆ. ಆದ್ರೆ ಬಾಯಿ ಮುಚ್ಕಂಡು ಕೂತಿದ್ದು ಗೊತ್ತಿದ್ದೇ ಕೂತಿದ್ದು. ನನ್ನ ಕೆಲ್ಸ ಹೋಗ್ತೈತೆ ಅಂತ ನಿನ್ ಓದು ಹೋಗಾಕೆ ಬಿಟ್ಟೆ. ಅವ್ವ ಹೊಡ್ದಾಗ್ಲೂ ನೋಡ್ಕಂತ ನಿಂತಿದ್ದೆ. ತಪ್ಪಾತು ಕಣೆ. ತಪ್ಪು ನಂದು, ನಂದೊಬ್ಬಳ್ದೇ."